ಕ್ಯಾನ್ಸಲ್ ಮಾಡಿ ಬಂದವರ ಪರವಾಗಿ

ಭಟ್ಕಳದಿಂದ ಉಳ್ಳಾಲದವರೆಗೆ ಕಡಲ ಕರೆಯುದ್ದಕ್ಕೂ ಹರಡಿರುವ ಊರುಗಳಲ್ಲಿ, ಮಗನನ್ನೋ ಮಗಳನ್ನೋ ಅಳಿಯನನ್ನೋ ತಮ್ಮನನ್ನೋ ಕೊಲ್ಲಿ ನಾಡುಗಳಿಗೆ ಕಳುಹಿಸಿಕೊಟ್ಟು, ತಿಂಗಳ ಮೊದಲ ವಾರದಲ್ಲಿ ಬ್ಯಾಂಕಿನ ಸಂದೇಶವನ್ನು ಎದುರುನೋಡುತ್ತಿರುವ ಮನೆಗಳ ಹಿರಿಯರೆಲ್ಲರಿಗೂ.

ಮಾನ್ಯರೇ,

ಕೊಲ್ಲಿಯ ಎರಡು ದೇಶಗಳಲ್ಲಿ ಕಟ್ಟಡ ಕಟ್ಟುವ ಕಂಪನಿಗಳ ಲೆಕ್ಕಪತ್ರ ವಿಭಾಗದಲ್ಲಿ ಬಹುಕಾಲ ಗುಮಾಸ್ತಿಕೆ ಮಾಡಿ, ಈಗ ಉಡುಪಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಕೆಲವು ತೆಂಗಿನ ಮರಗಳ ನಡುವೆ ವಿಶ್ರಾಂತ ಜೀವನವನ್ನು ನಡೆಸುತ್ತಿರುವವನು ನಾನು. ಯಾವ ಸಂಘದ ಪದಾಧಿಕಾರವೂ ನನಗಿಲ್ಲ. ವೇದಿಕೆಯ ಮೇಲೆ ಶಾಲು ಹೊದೆಸಿಕೊಳ್ಳುವಷ್ಟು ದಾನವನ್ನೂ ನಾನು ಮಾಡಿದವನಲ್ಲ. ಆದರೆ ಸಂಬಳದ ಪಟ್ಟಿಯನ್ನು ಬರೆಯತಕ್ಕವನಿಗೆ ಯಾರು ಎಷ್ಟು ದುಡಿದರು, ಯಾರು ಎಷ್ಟು ಮುಂಗಡ ಪಡೆದರು, ಆ ಮುಂಗಡವನ್ನು ಕೇಳಲು ಬಂದಾಗ ಯಾರ ದನಿ ಹೇಗೆ ಕುಗ್ಗಿತು ಎಂಬುದೆಲ್ಲವೂ ಬೇಡವೆಂದರೂ ತಿಳಿದುಬಿಡುತ್ತದೆ. ಹಾಗೆ ತಿಳಿದುದನ್ನು ತಮ್ಮ ಮುಂದೆ ಬಿಚ್ಚಿಡಬೇಕೆಂಬುದು ಬಹುದಿನಗಳ ಅಪೇಕ್ಷೆ. ಮಾತು ಅಲ್ಲಲ್ಲಿ ಕಟುವಾದರೆ ವಯಸ್ಸಿನ ದೋಷವೆಂದು ಮನ್ನಿಸಬೇಕು.

ರಜೆಯಲ್ಲಿ ಊರಿಗೆ ಬಂದವನನ್ನು ಬಸ್ ಸ್ಟ್ಯಾಂಡಿನಲ್ಲಿ, ದೇವಸ್ಥಾನದ ಅಂಗಳದಲ್ಲಿ, ಮದುವೆ ಹಾಲಿನ ಊಟದ ಸಾಲಿನಲ್ಲಿ ಕಂಡವರು ಮೊದಲು ಕೇಳುವುದು 'ಯಾವಾಗ ಬಂದದ್ದು?' ಎಂದು. ಅದಕ್ಕೆ ಅವನು ಉತ್ತರ ಕೊಟ್ಟು ಮುಗಿಸುವ ಮೊದಲೇ 'ಇನ್ನು ಯಾವಾಗ ಹೋಗುವುದು?' ಎಂಬ ಎರಡನೆಯ ಪ್ರಶ್ನೆ ಬಂದು ನಿಂತಿರುತ್ತದೆ. ಕೇಳುವವರಲ್ಲಿ ಕೆಡುಕಿನ ಭಾವನೆಯೇನೂ ಇರುವುದಿಲ್ಲ. ನಮ್ಮ ಕಡೆಯಲ್ಲಿ ಅದು ಕುಶಲಪ್ರಶ್ನೆಯ ಒಂದು ರೀತಿಯೇ ಆಗಿಹೋಗಿದೆ. ಆದರೆ ಎರಡು ತಿಂಗಳು ಕಳೆದು, ಮೂರನೆಯದೂ ಸರಿದು, ಹುಡುಗನು ಇನ್ನೂ ಲುಂಗಿಯುಟ್ಟು ಸಂಜೆಯ ಹೊತ್ತು ಅಂಗಡಿಯ ಜಗಲಿಗೆ ಬರುತ್ತಿರುವುದನ್ನು ಕಂಡಾಗ ಮೂರನೆಯ ಪ್ರಶ್ನೆಯೊಂದು ಹುಟ್ಟಿಕೊಳ್ಳುತ್ತದೆ. ಅದನ್ನು ಅವನ ಮುಖದ ಮುಂದೆ ಯಾರೂ ಕೇಳುವುದಿಲ್ಲ, ಅವನ ತಾಯಿಯನ್ನು ಕೇಳುತ್ತಾರೆ: 'ಅವ ರಜೆಯಲ್ಲಿ ಬಂದದ್ದೋ, ಕ್ಯಾನ್ಸಲ್ ಮಾಡಿ ಬಂದದ್ದೋ?' ಕ್ಯಾನ್ಸಲ್ ಎಂದರೆ ವೀಸಾವನ್ನು ರದ್ದುಮಾಡಿಸಿ, ಕೆಲಸವನ್ನು ಬಿಟ್ಟು ಬರುವುದು. ಐವತ್ತು ಡಿಗ್ರಿಯನ್ನು ಮುಟ್ಟುವ ಬಿಸಿಲಿಗೂ, ಒಂದೇ ಕೋಣೆಯಲ್ಲಿ ಹತ್ತು ಜನ ಮಲಗುವ ಮಹಡಿ ಮಂಚಗಳಿಗೂ, ಅರ್ಬಾಬನೆಂಬ ಯಜಮಾನನ ಗದರಿಕೆಗೂ ಹೆದರದ ಗಟ್ಟಿ ಆಳುಗಳು, ತಮ್ಮ ತಾಯಿ ಉತ್ತರಿಸಬೇಕಾಗಿ ಬರುವ ಆ ಪ್ರಶ್ನೆಯೊಂದಕ್ಕೆ ಹೆದರಿ, ಬಿಡಬೇಕಾದ ಕೆಲಸವನ್ನು ಬಿಡದೆ, ಮರಳಬೇಕಾದ ಹೊತ್ತಿನಲ್ಲಿ ಮರಳದೆ ವರ್ಷಗಳನ್ನು ಸವೆಸಿದುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈ ಹೆದರಿಕೆಯಲ್ಲಿ ಒಂದು ವೈಚಿತ್ರ್ಯವಿದೆ. ಅಮೆರಿಕೆಗೋ ಆಸ್ಟ್ರೇಲಿಯಕ್ಕೋ ಹೋದವನು ಕಾಲಕ್ರಮದಲ್ಲಿ ಅಲ್ಲಿಯ ಪ್ರಜೆಯಾಗಿ ನೆಲೆಯೂರಬಹುದು. ನಮ್ಮ ಹಿಂದಿನ ತಲೆಮಾರಿನವರು ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೆಯಲು ಮುಂಬಯಿಗೆ ಹೋದಾಗಲೂ, ಬದುಕು ಕುದುರಿದರೆ ಅಲ್ಲಿಯೇ ಒಂದು ಖೋಲಿ ಹಿಡಿದು ಮೊಮ್ಮಕ್ಕಳನ್ನು ಕಾಣುವ ಅವಕಾಶವಿತ್ತು. 1973ರಲ್ಲಿ ತೈಲದ ಬೆಲೆ ಏರಿದ ತರುವಾಯ ತೆರೆದುಕೊಂಡ ಕೊಲ್ಲಿಯ ಬಾಗಿಲು ಅಂಥದಲ್ಲ. ಅಲ್ಲಿ ವಾಸದ ಪರವಾನಗಿಯು ಕೆಲಸಕ್ಕೆ ಕಟ್ಟಿದ್ದು. ಕೆಲಸ ಹೋದರೆ ಪರವಾನಗಿಯೂ ಹೋಗುವುದು. ಎಷ್ಟು ವರ್ಷ ದುಡಿದರೂ ಸಾಮಾನ್ಯ ಕೆಲಸಗಾರನಿಗೆ ಆ ನಾಡಿನ ಪೌರತ್ವ ದೊರೆಯುವುದಿಲ್ಲ. ಎಂದಮೇಲೆ ಅಲ್ಲಿಗೆ ಹೋದ ಪ್ರತಿಯೊಬ್ಬನೂ, ಗೆದ್ದವನಾಗಲಿ ಸೋತವನಾಗಲಿ, ಒಂದಲ್ಲ ಒಂದು ದಿನ ಕ್ಯಾನ್ಸಲ್ ಮಾಡಿಕೊಂಡೇ ಬರತಕ್ಕವನು. ಮರಳುವುದು ಅವನು ರುಜು ಹಾಕಿದ ಒಪ್ಪಂದದಲ್ಲಿಯೇ ಅಡಕವಾಗಿರುವ ಸಂಗತಿ. ಎಲ್ಲರಿಗೂ ಅನಿವಾರ್ಯವಾದುದನ್ನು ಕಳಂಕವೆಂದು ಎಣಿಸುವ ಬುದ್ಧಿ ನಮ್ಮ ಊರುಗಳಿಗೆ ಎಲ್ಲಿಂದ ಬಂತೋ ತಿಳಿಯದು. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ'ಯಲ್ಲಿ ಪಟ್ಟಣಗಳನ್ನು ಕಂಡ ಮೊಮ್ಮಗ ಕಡಲ ತಡಿಯ ತನ್ನ ಹಳ್ಳಿಗೆ ಹಿಂದಿರುಗುವುದನ್ನು ನಾವು ಗೆಲವೆಂದೇ ಓದಿ ಕಣ್ಣು ತೇವ ಮಾಡಿಕೊಳ್ಳುತ್ತೇವೆ. ಪಕ್ಕದ ಮನೆಯ ಹುಡುಗ ಸೌದಿಯ ದಮ್ಮಾಮಿನಿಂದ ಹಿಂದಿರುಗಿದರೆ ಮಾತ್ರ, ಏನಾಯಿತಂತೆ ಎಂದು ಪಿಸುಗುಟ್ಟುತ್ತೇವೆ.

ಇನ್ನು ದುಡ್ಡಿನ ವಿಚಾರ. ಲೆಕ್ಕದವನಾದ ನಾನು ಒಂದು ಕಲ್ಪಿತ ಲೆಕ್ಕವನ್ನೇ ಮುಂದಿಡುತ್ತೇನೆ. ದುಬೈಯಲ್ಲಿ ಒಂದು ಅಂಗಡಿಯಲ್ಲಿ ಕೆಲಸಕ್ಕೆ ನಿಂತ ಹುಡುಗನಿಗೆ ತಿಂಗಳಿಗೆ 1,500 ದಿರ್ಹಮು ಸಂಬಳವೆಂದು ಭಾವಿಸೋಣ. ದಿರ್ಹಮಿಗೆ 23 ರೂಪಾಯಿಯಂತೆ ಗುಣಿಸಿದರೆ ಅದು 34,500 ರೂಪಾಯಿ. ಈ ಗುಣಾಕಾರವನ್ನು ಮಾಡದ ಮನೆ ನಮ್ಮ ಕರಾವಳಿಯಲ್ಲಿಲ್ಲ, ಗುಣಾಕಾರದ ಮುಂದಕ್ಕೆ ಹೋಗುವ ಮನೆಯೂ ಬಹಳವಿಲ್ಲ. ಕಂಪನಿಯು ವಸತಿ ಕೊಡದ ಪಕ್ಷದಲ್ಲಿ ಒಂದು ಮಂಚದ ಜಾಗಕ್ಕೆ, ಅವರ ಭಾಷೆಯಲ್ಲಿ ಬೆಡ್ ಸ್ಪೇಸಿಗೆ, 500 ಹೋಯಿತು, ಮೆಸ್ಸಿಗೆ 400, ಬಸ್ಸು, ಫೋನು, ಸಾಬೂನು ಎಂದು 150. ಉಳಿದ 450 ದಿರ್ಹಮು ನಮ್ಮ ಹಣದಲ್ಲಿ 10,350 ರೂಪಾಯಿ. ವೀಸಾಕ್ಕೆಂದು ಒಂದೂವರೆ ಲಕ್ಷವನ್ನು ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಯಲ್ಲಿ ತಂದಿದ್ದರೆ ತಿಂಗಳ ಬಡ್ಡಿಯೇ 4,500. ಅಸಲಿಗೆ ಕೈಹಾಕುವ ಮೊದಲೇ ಅವನ ಕೈಯಲ್ಲಿ ಉಳಿದದ್ದು ಆರು ಸಾವಿರಕ್ಕೂ ಕಡಿಮೆ. ಊರಿನಲ್ಲಿಯೇ ಗಾರೆ ಕೆಲಸಕ್ಕೆ ಹೋಗಿದ್ದರೆ ಇದಕ್ಕಿಂತ ಹೆಚ್ಚು ಉಳಿಸಬಹುದಾಗಿತ್ತು ಎಂಬುದು ಅವನಿಗೆ ಮೊದಲ ತಿಂಗಳಲ್ಲಿಯೇ ಅರ್ಥವಾಗಿರುತ್ತದೆ. ಆದರೆ ಅದನ್ನು ಹೇಳಲು ಬಾಯಿ ಬರುವುದಿಲ್ಲ, ಏಕೆಂದರೆ ಆ ಒಂದೂವರೆ ಲಕ್ಷಕ್ಕಾಗಿ ತಾಯಿಯ ಕರಿಮಣಿಯ ಚಿನ್ನ ಸೊಸೈಟಿಯ ಕಪಾಟಿನಲ್ಲಿ ಕುಳಿತಿರುತ್ತದೆ.

ಹೀಗಿರಲಾಗಿ, ಅವನ ಮೇಲೆ ಬೀಳುವ ನಿರೀಕ್ಷೆಗಳನ್ನು ನೋಡಿ. ಹೆಂಚಿನ ಮನೆಯನ್ನು ಕೆಡವಿ ತಾರಸಿ ಮನೆ ಎಬ್ಬಿಸಬೇಕು. ಪಕ್ಕದವರದು ಒಂದು ಮಹಡಿಯಾದರೆ ನಮ್ಮದು ಎರಡಾಗಬೇಕು. ತಂಗಿಯ ಮದುವೆಯಾಗಬೇಕು, ತಮ್ಮನ ಇಂಜಿನಿಯರಿಂಗಿಗೆ ಸೀಟು ಬೇಕು. ದೇವಸ್ಥಾನದ ಬ್ರಹ್ಮಕಲಶವಾಗಲಿ, ಮಸೀದಿಯ ಮಿನಾರವಾಗಲಿ, ಇಗರ್ಜಿಯ ಹಬ್ಬವಾಗಲಿ, ರಶೀದಿ ಪುಸ್ತಕದ ಮೊದಲ ಹಾಳೆ ಹರಿಯುವುದು ಗಲ್ಫಿನವರ ಹೆಸರಿಗೆ. ಈ ಒಂದು ವಿಷಯದಲ್ಲಿ ನಮ್ಮ ಎಲ್ಲ ಮತಗಳಿಗೂ ಏಕಾಭಿಪ್ರಾಯವಿರುವುದನ್ನು ಕಂಡು ನಾನು ಆಗಾಗ ವಿನೋದಪಟ್ಟದ್ದುಂಟು. ರಜೆಯಲ್ಲಿ ಬರುವಾಗ ಹಗ್ಗದಿಂದ ಬಿಗಿದು ಹೆಸರು ಬರೆದ ರಟ್ಟಿನ ಪೆಟ್ಟಿಗೆ ಬರಬೇಕು. ಅದರಲ್ಲಿ ನಿಡೋ ಹಾಲಿನ ಪುಡಿ, ಟ್ಯಾಂಗು, ಟೈಗರ್ ಬಾಮು, ಅತ್ತರಿನ ಸೀಸೆಗಳು, ಹೂಗಳ ಚಿತ್ರವಿರುವ ದಪ್ಪ ಕಂಬಳಿ. ಈ ಪೆಟ್ಟಿಗೆಯನ್ನು ತುಂಬಲು ಮೂರು ತಿಂಗಳ ಮೊದಲಿನಿಂದಲೇ ಮುಂಗಡ ಕೇಳಲು ನನ್ನ ಮೇಜಿನ ಬಳಿಗೆ ಬರುತ್ತಿದ್ದವರನ್ನು ಬಲ್ಲೆ. ರಜೆ ಮುಗಿಸಿ ಬಂದ ಮೇಲೆ ಅದನ್ನು ತೀರಿಸಲು ಇನ್ನೂ ಆರು ತಿಂಗಳು ಹಿಡಿಯುತ್ತಿತ್ತು. ಇಷ್ಟಾಗಿ, ಇದಾವುದನ್ನೂ ಮನೆಯವರು ಬಾಯಿಬಿಟ್ಟು ಕೇಳಿರುವುದೇ ಇಲ್ಲ. ಕೇಳಿದ್ದರೆ ಇಲ್ಲವೆನ್ನುವ ದಾರಿಯಾದರೂ ಇರುತ್ತಿತ್ತು. ಕೇಳದೆಯೇ ಇರುವ ಬೇಡಿಕೆಗೆ ಯಾವ ಉತ್ತರವನ್ನು ಕೊಡುವುದು?

ಫೋನಿಲ್ಲದ ಕಾಲದ ಒಂದು ಪ್ರಸಂಗವನ್ನು ಇಲ್ಲಿ ಹೇಳಬೇಕು. ನಮ್ಮ ಕಂಪನಿಯ ಕೆಲಸಗಾರರ ಕ್ಯಾಂಪಿನಲ್ಲಿ ಬೈಂದೂರಿನ ಕಡೆಯ ಗಾರೆ ಕೆಲಸದವನೊಬ್ಬನಿದ್ದ. ಮಿತಭಾಷಿ, ಕೈ ಬಹಳ ಚೊಕ್ಕ. ಗುತ್ತಿಗೆಯೊಂದು ಮುರಿದುಬಿದ್ದು ಕಂಪನಿಯು ತಿಂಗಳುಗಟ್ಟಲೆ ಸಂಬಳವನ್ನು ತಡೆಹಿಡಿದಿದ್ದ ಕಾಲ. ಅಕ್ಷರ ಬಲ್ಲವನಾದರೂ ಕಾಗದ ಬರೆಯುವುದಕ್ಕೆ ಅವನಿಗೆ ಸಂಕೋಚ. ಆದುದರಿಂದ ಶುಕ್ರವಾರ ಮಧ್ಯಾಹ್ನ ಏರೋಗ್ರಾಮ್ ಎಂಬ ವಿಮಾನದಂಚೆಯ ಕಾಗದವನ್ನು ಹಿಡಿದು ನನ್ನ ಬಳಿಗೆ ಬರುವನು. 'ತೀರ್ಥರೂಪರಲ್ಲಿ ಸಾಷ್ಟಾಂಗ ನಮಸ್ಕಾರಗಳು, ಇತ್ತ ನಾನು ಕ್ಷೇಮ' ಎಂದು ಅವನು ಹೇಳುತ್ತಿದ್ದಂತೆ ನಾನು ಬರೆದುಕೊಳ್ಳುವೆನು. ಬ್ಯಾಂಕಿನಲ್ಲಿ ಡ್ರಾಫ್ಟು ತಡವಾಗಿದೆ, ಮುಂದಿನ ತಿಂಗಳು ಎರಡೂ ಸೇರಿಸಿ ಕಳುಹಿಸುತ್ತೇನೆ, ಇಲ್ಲಿ ಊಟಕ್ಕೆ ದಿನವೂ ಮೀನು ಉಂಟು ಎಂದು ಅವನು ಹೇಳಿದಾಗ ನನಗೆ ಸಹಿಸಲಾಗಲಿಲ್ಲ, ಏಕೆಂದರೆ ಆ ವಾರ ಇಡೀ ಕ್ಯಾಂಪಿನವರು ಖುಬ್ಬೂಸೆಂಬ ರೊಟ್ಟಿ ಮತ್ತು ಬೇಳೆಯ ಸಾರಿನಲ್ಲಿ ದಿನ ನೂಕುತ್ತಿದ್ದೆವು. 'ಇದ್ದದ್ದನ್ನು ಇದ್ದ ಹಾಗೆ ಬರೆಯೋಣವೇ? ತಂದೆಯವರು ಬಂದುಬಿಡು ಎಂದು ಬರೆದಾರು' ಎಂದೆ. ಅವನು ಸ್ವಲ್ಪ ಹೊತ್ತು ನೆಲವನ್ನು ನೋಡುತ್ತಿದ್ದು, 'ರೈಟ್ರೇ, ಬಾ ಅಂತ ಬರೆದರೆ ಹೋಗಬಹುದು. ಬಾ ಅಂತ ಬರೆಯದೆ ಇದ್ದರೆ ನಾನು ಎಂತ ಮಾಡುವುದು?' ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ದಿನವೂ ಮೀನುಂಟು ಎಂದೇ ಬರೆದುಕೊಟ್ಟೆ.

ಉತ್ತರವೂ ಬಂತು. ನಿನ್ನ ಕ್ಷೇಮವನ್ನು ತಿಳಿದು ಸಂತೋಷವಾಯಿತು, ದುಡ್ಡಿನ ಬಗ್ಗೆ ಅವಸರವಿಲ್ಲ, ಇಲ್ಲಿ ಎಲ್ಲವೂ ಸರಿಯಾಗಿದೆ ಎಂದು ಅವನ ತಂದೆ ಬರೆಸಿದ್ದರು. ಆ ಮನೆಯವರು ಅದೇ ತಿಂಗಳಲ್ಲಿ ಸಾಲಗಾರನ ಕಾಟವನ್ನು ತಡೆಯಲಾರದೆ ಬೈಲಿನ ಗದ್ದೆಯನ್ನು ಅಡವಿಟ್ಟಿದ್ದರು ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ತರುವಾಯ, ಊರಿನಲ್ಲಿ ಅವನ ಅಣ್ಣನು ಸಿಕ್ಕಿದಾಗ. ಕಡಲಿನ ಆ ದಡದಿಂದ ಒಂದು ಸುಳ್ಳು ಹೊರಟು, ಈ ದಡದಿಂದ ಮತ್ತೊಂದು ಸುಳ್ಳು ಹೋಗಿ, ಎರಡೂ ವಾತ್ಸಲ್ಯದಿಂದಲೇ ಹುಟ್ಟಿದವಾಗಿ, ನಡುವೆ ಒಂದು ಮನೆತನದ ಗದ್ದೆ ಕೈಬಿಟ್ಟಿತು. ಈಗ ಏರೋಗ್ರಾಮಿನ ಸ್ಥಾನದಲ್ಲಿ ಮುಖವನ್ನೇ ತೋರಿಸುವ ಫೋನು ಬಂದಿದೆ. ಹಾಗೆಂದು ಪರಿಸ್ಥಿತಿ ಸುಧಾರಿಸಿದೆಯೆಂದು ತಾವು ತಿಳಿಯಬೇಡಿ. ಹುಡುಗರು ಕ್ಯಾಂಪಿನ ಕೋಣೆಯನ್ನು ಬಿಟ್ಟು ಮಾಲಿನ ಹೊಳೆಯುವ ಗಾಜಿನ ಮುಂದೆ ನಿಂತು ಕರೆಮಾಡುವುದನ್ನು ಕಲಿತಿದ್ದಾರೆ, ಅಷ್ಟೇ.

ಬರಿಗೈಯಲ್ಲಿ ಮರಳುವ ಈ ಅಂಜಿಕೆಯನ್ನು ಹೋಗಲಾಡಿಸುವ ಶಕ್ತಿ ನಮ್ಮ ಊರುಗಳಿಗೆ ಇಲ್ಲವೇ ಎಂದರೆ, ಇದೆ. ಅದನ್ನು ನಾವು ಎರಡು ಸಲ ತೋರಿಸಿದ್ದೇವೆ. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯವು ಕುವೈತನ್ನು ಹೊಕ್ಕಾಗ, ಅಲ್ಲಿದ್ದ ನಮ್ಮವರು ಗಂಟುಮೂಟೆಗಳನ್ನೂ ಬ್ಯಾಂಕಿನ ಉಳಿತಾಯವನ್ನೂ ಬಿಟ್ಟು, ಇರಾಕಿನ ಮರಳುಗಾಡನ್ನು ಬಸ್ಸುಗಳಲ್ಲಿ ದಾಟಿ, ಜೋರ್ಡಾನಿನ ಅಮ್ಮಾನಿನಲ್ಲಿ ಡೇರೆಗಳ ಕೆಳಗೆ ಸರದಿ ಕಾದು ಏರ್ ಇಂಡಿಯಾ ವಿಮಾನಗಳನ್ನು ಹತ್ತಿದರು. ಒಂದು ಲಕ್ಷಕ್ಕೂ ಮಿಕ್ಕಿದ ಭಾರತೀಯರು ಎರಡು ತಿಂಗಳ ಅವಧಿಯಲ್ಲಿ ಹೀಗೆ ಬಂದಿಳಿದರು. ಅವರಲ್ಲಿ ನಮ್ಮ ಜಿಲ್ಲೆಯವರು ಮುಂಬಯಿಯಿಂದ ಬಸ್ಸು ಹಿಡಿದು ಉಟ್ಟ ಬಟ್ಟೆಯಲ್ಲಿ ಮನೆಯ ಮೆಟ್ಟಿಲನ್ನು ಹತ್ತಿದಾಗ, ಪೆಟ್ಟಿಗೆ ಎಲ್ಲಿ ಎಂದು ಯಾರೂ ಕೇಳಲಿಲ್ಲ. ನೆಂಟರು ಅಕ್ಕಿ ತಂದು ಇಳಿಸಿದರು. ಸಾಲ ಕೊಟ್ಟವರು ಒಂದು ವರ್ಷ ಬಾಯಿ ಮುಚ್ಚಿಕೊಂಡರು. 2020ರ ಮೇ ತಿಂಗಳಲ್ಲಿ, ಕೊರೊನಾದ ಕಾಲದಲ್ಲಿ, ಸರ್ಕಾರದ ವಂದೇ ಭಾರತ್ ವಿಮಾನಗಳು ದುಬೈಯಿಂದ ಮಂಗಳೂರಿಗೆ ಕೆಲಸ ಕಳೆದುಕೊಂಡವರನ್ನು ಹೊತ್ತು ತಂದಾಗಲೂ, ರೋಗದ ಭಯ ಎಷ್ಟೇ ಇದ್ದರೂ, ಬಂದವರನ್ನು ಯಾರೂ ಸೋತವರೆಂದು ಕರೆಯಲಿಲ್ಲ.

ಎಂದರೆ, ಬರಿಗೈಯಲ್ಲಿ ಬಂದವನನ್ನು ಮನ್ನಿಸುವುದು ನಮಗೆ ಗೊತ್ತು. ಆದರೆ ಅವನ ವಿಪತ್ತು ಪತ್ರಿಕೆಯ ಮುಖಪುಟದಲ್ಲಿ ಬಂದಿರಬೇಕು. ಇರಾಕಿನ ಸದ್ದಾಮನು ಓಡಿಸಿದರೆ ಮಾನ ಉಳಿಯುತ್ತದೆ. ಸಂಬಳ ಕೊಡದ ಒಬ್ಬ ಕಫೀಲನು, ಎಂದರೆ ವೀಸಾ ಕೊಟ್ಟ ಯಜಮಾನನು, ಓಡಿಸಿದರೆ ಉಳಿಯುವುದಿಲ್ಲ. ಸೊಂಟದ ನೋವು, ನಿದ್ರೆಯಿಲ್ಲದ ರಾತ್ರಿಗಳು, ಹುಟ್ಟಿದ ಮಗುವನ್ನು ಎರಡು ವರ್ಷ ನೋಡದಿರುವ ಸಂಕಟ, ಸುಮ್ಮನೆ ಮನಸ್ಸು ಒಲ್ಲೆನೆನ್ನುವುದು, ಇವು ಯಾವುವೂ ಮುಖಪುಟಕ್ಕೆ ಬರುವ ಸಂಗತಿಗಳಲ್ಲವಾದುದರಿಂದ ಇವನ್ನು ಕಾರಣವಾಗಿಟ್ಟುಕೊಂಡು ಬಂದವನಿಗೆ ನಮ್ಮಲ್ಲಿ ಮನ್ನಣೆಯಿಲ್ಲ. ಅದಕ್ಕಾಗಿ ಹಾಗೆ ಬಂದವರು ಬೇರೆ ಕಾರಣಗಳನ್ನು ಕಲ್ಪಿಸಿಕೊಳ್ಳುತ್ತಾರೆ. 2017ರ ಜುಲೈಯಿಂದ ಸೌದಿ ಅರೇಬಿಯಾದ ಸರ್ಕಾರವು ಪರದೇಶದ ನೌಕರರ ಹೆಂಡತಿ ಮಕ್ಕಳಿಗೆ ತಲೆಗೆ ತಿಂಗಳಿಗೆ 100 ರಿಯಾಲಿನಂತೆ ತೆರಿಗೆ ಹಾಕಿ, ಅದನ್ನು ವರ್ಷವರ್ಷವೂ ಏರಿಸುತ್ತ 2020ರ ಹೊತ್ತಿಗೆ 400ಕ್ಕೆ ಮುಟ್ಟಿಸಿದಾಗ, ಸಂಸಾರಗಳು ಊರಿಗೆ ಹೊರಟುಬಂದು ಗಂಡಸರು ಮತ್ತೆ ಹಲವರು ಹಂಚಿಕೊಳ್ಳುವ ಕೋಣೆಗಳನ್ನು ಸೇರಿದರು. ಊರಿನಲ್ಲಿ ಹೇಳಿದ್ದು ಏನು? ಮಕ್ಕಳಿಗೆ ಕನ್ನಡ ಬರಬೇಕೆಂದು ಇಲ್ಲಿಯ ಶಾಲೆಗೆ ಸೇರಿಸಿದ್ದೇವೆ ಎಂದು. ಆ ಹೆಣ್ಣುಮಕ್ಕಳು ಆ ಮಾತನ್ನು ನಗುನಗುತ್ತ ಹೇಳುತ್ತಿದ್ದ ಚಾತುರ್ಯವನ್ನು ಮೆಚ್ಚಬೇಕೋ ಮರುಗಬೇಕೋ ನನಗೆ ಈಗಲೂ ತಿಳಿಯದು.

ಮರಳಲು ಹೆದರಿ ಅಲ್ಲಿಯೇ ಉಳಿದವರ ಗತಿಯನ್ನು ವಿಸ್ತರಿಸಲಾರೆ. ಕೆಲಸ ಬಿಟ್ಟು ಹೊರಗೆ ಕದ್ದು ದುಡಿಯಲು ಹೋಗಿ, ಓಡಿಹೋದವನೆಂಬ ಹುರೂಬ್ ದಾಖಲೆ ಬಿದ್ದು, ವರ್ಷಗಟ್ಟಲೆ ಇಕಾಮಾ ಎಂಬ ವಾಸದ ಪರವಾನಗಿ ಇಲ್ಲದೆ ಪೊಲೀಸರ ಕಣ್ಣು ತಪ್ಪಿಸಿ ಬದುಕಿದವರಿದ್ದಾರೆ. ಬಿಟ್ಟುಬರೋಣವೆಂದರೂ, 2021ರವರೆಗೆ ಸೌದಿಯಲ್ಲಿ ದೇಶವನ್ನು ಬಿಟ್ಟು ಹೊರಡುವುದಕ್ಕೂ ಕಫೀಲನ ಸಮ್ಮತಿ ಬೇಕಿತ್ತು. ಸಕ್ಕರೆ ಕಾಯಿಲೆಯನ್ನು ಮುಚ್ಚಿಟ್ಟು ಕಾಲನ್ನು ಕಳೆದುಕೊಂಡವರಿದ್ದಾರೆ. 2024ರ ಜೂನಿನಲ್ಲಿ ಕುವೈತಿನ ಮಂಗಾಫಿನಲ್ಲಿ ಕೆಲಸಗಾರರ ವಸತಿಗೆ ಬೆಂಕಿ ಬಿದ್ದು 40ಕ್ಕೂ ಹೆಚ್ಚು ಭಾರತೀಯರು ತೀರಿಹೋದರಲ್ಲ, ಅಂಥ ಕಿಕ್ಕಿರಿದ ಕಟ್ಟಡಗಳೊಳಗೆ ಈ ಹೊತ್ತೂ ನಮ್ಮ ಮಕ್ಕಳು ಮಲಗಿದ್ದಾರೆ.

ತಾವು ಹೇಳಬಹುದು: ಆಸೆಪಡುವುದೇ ಅಪರಾಧವೇ, ನಾವು ಹೊಟ್ಟೆ ಕಟ್ಟಿ ಕಳುಹಿಸಲಿಲ್ಲವೇ, ಎಂದು. ಅಪರಾಧವೆಂದು ನಾನು ಹೇಳುವವನಲ್ಲ. ಗಂಗೊಳ್ಳಿಯ ಬೆಸ್ತರ ಮನೆಯಲ್ಲಿ ವೈದ್ಯಕೀಯ ಓದಿದ ಹುಡುಗಿಯಿದ್ದರೆ, ಶಿರ್ವದ ಕಡೆಯ ಬಡ ಕ್ರೈಸ್ತ ಕುಟುಂಬವೊಂದು ಮಗಳ ದಾದಿ ವೃತ್ತಿಯ ಸಂಬಳದಿಂದ ಎದ್ದು ನಿಂತಿದ್ದರೆ, ಅದು ಈ ಆಸೆಯ ಫಲವೇ. ಊರಿನ ಹಿರಿಯರು ಕ್ರೂರಿಗಳೆಂಬ ಮಾತೂ ನಿಜವಲ್ಲ; ನಾನು ಕಂಡ ತಾಯಂದಿರಲ್ಲಿ ನೂರಕ್ಕೆ ತೊಂಬತ್ತು ಜನ, ಮಗ ಬರುತ್ತೇನೆಂದರೆ ಆ ಕ್ಷಣವೇ ಬಾ ಎನ್ನತಕ್ಕವರು. ತೊಡಕು ಇರುವುದು ಅದನ್ನು ಅವರು ಎಂದೂ ಹೇಳದೆ ಇರುವುದರಲ್ಲಿ. ಹೇಳಿದರೆ ಹುಡುಗನ ಹುಮ್ಮಸ್ಸು ಇಳಿದೀತೆಂದು ಅವರ ಅಂಜಿಕೆ. ಕೇಳಿದರೆ ತನ್ನನ್ನು ಕೈಲಾಗದವನೆಂದು ತಿಳಿದಾರೆಂದು ಅವನ ಅಂಜಿಕೆ. ಇಬ್ಬರಲ್ಲಿ ಮೊದಲು ಬಾಯಿ ತೆರೆಯಬೇಕಾದವರು ಹಿರಿಯರು ಎಂಬುದು ನನ್ನ ನಿಶ್ಚಿತವಾದ ಅಭಿಪ್ರಾಯ. ದೂರದಲ್ಲಿರುವ, ಸಾಲ ಹೊತ್ತಿರುವ, ಇಪ್ಪತ್ತೆರಡರ ಹರೆಯದವನಿಂದ ಆ ಧೈರ್ಯವನ್ನು ಬಯಸುವುದು ನ್ಯಾಯವಲ್ಲ.

ಆದಕಾರಣ ನನ್ನ ವಿಜ್ಞಾಪನೆಗಳು ಕೆಲವು. ಇನ್ನೂ ಕಳುಹಿಸಬೇಕಾಗಿರುವವರು ಏಜೆಂಟನ ಹೆಸರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿದೆಯೇ ಎಂದು ನೋಡಿಸಿಕೊಳ್ಳಬೇಕು. ನೋಂದಾಯಿತ ಏಜೆಂಟನು ತನ್ನ ಸೇವೆಗೆ ಪಡೆಯಬಹುದಾದದ್ದು 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ, ಅದಕ್ಕಿಂತ ಹೆಚ್ಚಿಲ್ಲ. ಮೊದಲು ವಿಸಿಟ್ ವೀಸಾದಲ್ಲಿ ಹೋಗಲಿ, ಅಲ್ಲಿ ಬದಲಾಯಿಸಿಕೊಳ್ಳಬಹುದು ಎನ್ನುವವನನ್ನು ಜಗಲಿಯಿಂದಲೇ ಹಿಂದಕ್ಕೆ ಕಳುಹಿಸಬೇಕು. ಹತ್ತನೆಯ ತರಗತಿ ಮುಗಿಸದವನು ಎಮಿಗ್ರೇಶನ್ ಅನುಮತಿ ಪಡೆದು ಹೊರಡುವಾಗ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಅಪಘಾತದಲ್ಲಿ ಮರಣ ಸಂಭವಿಸಿದರೆ 10 ಲಕ್ಷದ ಪರಿಹಾರ. ಅದರ ಕಾಗದ ಮನೆಯಲ್ಲಿರದಿದ್ದರೆ ಇದ್ದೂ ಪ್ರಯೋಜನವಿಲ್ಲ. ಒಪ್ಪಂದದ ಪ್ರತಿ, ಪಾಸ್‌ಪೋರ್ಟಿನ ಮತ್ತು ವೀಸಾದ ಪ್ರತಿ, ಕಂಪನಿಯ ವಿಳಾಸ, ಅವನೊಡನೆ ಇರುವ ಒಬ್ಬ ಗೆಳೆಯನ ಫೋನ್ ಸಂಖ್ಯೆ, ಇವೆಲ್ಲವನ್ನೂ ಒಂದು ಲಕೋಟೆಯಲ್ಲಿ ಹಾಕಿ ಜಮೀನಿನ ಪತ್ರಗಳ ಜೊತೆಯಲ್ಲಿಡಿ. ತೊಂದರೆಯಾದಾಗ ವಿದೇಶಾಂಗ ಇಲಾಖೆಯ ಮದದ್ ವ್ಯವಸ್ಥೆಯಲ್ಲಿ ದೂರು ದಾಖಲಿಸಲು ಇವೇ ಬೇಕಾಗುವುವು. ಟಿಕೇಟಿಗೆ ದುಡ್ಡಿಲ್ಲದೆ ಸಿಕ್ಕಿಕೊಂಡ ನಿರ್ಗತಿಕನನ್ನು ಊರಿಗೆ ಕಳುಹಿಸಿಕೊಡಲು ನಮ್ಮ ರಾಯಭಾರ ಕಚೇರಿಗಳಲ್ಲಿ 2009ರಿಂದ ಒಂದು ಕಲ್ಯಾಣ ನಿಧಿಯೂ ಇದೆ.

ಈಗಾಗಲೇ ಕಳುಹಿಸಿರುವವರು, ಸಾಲ ಎಷ್ಟು ತೀರಿದ ಮೇಲೆ ಅವನು ಬಂದುಬಿಡಬಹುದು ಎಂಬುದನ್ನು ಒಂದು ಸಂಖ್ಯೆಯಾಗಿ ಅವನಿಗೆ ಹೇಳಿಬಿಡಿ. ಎರಡನೆಯ ಮಹಡಿಯನ್ನೂ ಬ್ರಹ್ಮಕಲಶದ ಚಂದಾವನ್ನೂ ಆ ಸಂಖ್ಯೆಯೊಳಕ್ಕೆ ಸೇರಿಸಬೇಡಿ. ಸಂಬಳ ನಿಂತರೆ, ಮೈ ಸೋತರೆ, ಸಂಖ್ಯೆ ತುಂಬುವುದಕ್ಕೆ ಮೊದಲೂ ಬರಬಹುದೆಂದು ಅದರ ಜೊತೆಯಲ್ಲೇ ಹೇಳಿ. ವಾರದ ರಜೆಯ ದಿನ ಅವನು ಕರೆಮಾಡಿದಾಗ, ಸೊಸೈಟಿಯ ಪಾಸ್‌ಬುಕ್ಕನ್ನೂ ಅಡವಿನ ಚೀಟಿಯನ್ನೂ ಕೈಯಲ್ಲಿ ಹಿಡಿದುಕೊಂಡೇ ಮಾತಿಗೆ ಕುಳಿತುಕೊಳ್ಳಿ. ಮೊದಲು ಇಲ್ಲಿಯದನ್ನು ತಾವು ಓದಿ ಹೇಳಿ, ಆಮೇಲೆ ಅಲ್ಲಿಯದನ್ನು ಅವನಿಂದ ಕೇಳಿ.

ಇತಿ ತಮ್ಮ ವಿಶ್ವಾಸಿ,
ಕ್ಯಾನ್ಸಲ್ ಮಾಡಿ ಬಂದ ಒಬ್ಬ ರೈಟರು